ಸೂರಿನ ಸೇತುವೆ ನೋಡಲು ಹೋದದ್ದು

ನಮ್ಮ ಮನೆಯ ನಾಲ್ಕು ಜನ ಒಂದೇ ಕಾರಿನಲ್ಲಿ ಹೊರಟು, ಹೊರಟ ಕೆಲಸವನ್ನು ನೆಟ್ಟಗೆ ಮುಗಿಸಿಕೊಂಡು ಮನೆ ಸೇರಿದ ಉದಾಹರಣೆ ಒಂದೂ ಇಲ್ಲ. ಬೇಸರಕ್ಕೆ ಹೇಳುವ ಮಾತಲ್ಲ ಇದು. ಮದುವೆಯಾದಂದಿನಿಂದ ಡೈರಿ ಬರೆಯುವವಳು ನಾನು; ಹುಡುಕಿ ನೋಡಿಯೇ ಹೇಳುತ್ತಿದ್ದೇನೆ. ಒಮ್ಮೆ ತಡ, ಒಮ್ಮೆ ದಾರಿ ತಪ್ಪು, ಒಮ್ಮೆ ಊಟದ ಡಬ್ಬಿ ಮನೆಯಲ್ಲೇ, ಹೀಗೆ. ಆದರೆ ಎಲ್ಲವೂ ಒಂದೇ ದಿನ ಆದದ್ದು ಒಂದು ನವೆಂಬರ್ ಶನಿವಾರ. ಅದೂ, ಆಗಬಾರದಿದ್ದ ದಿನ.

೧. ಡಾಕ್ಟರಿಗೆ ಬಂದ ಅನುಮಾನ

ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದರೂ ಇಲ್ಲಿಯ ಬೇಸಿಗೆ ಹೇಗಿರುತ್ತದೆಂದು ನಮಗೆ ಸರಿಯಾಗಿ ಗೊತ್ತಿಲ್ಲ. ಜೂನ್ ಬಂತೆಂದರೆ ಮೈಸೂರಿಗೆ ಟಿಕೆಟ್. ಅಲ್ಲಿ ಯಾರದೋ ಮದುವೆ, ಯಾರದೋ ನಾಮಕರಣ, ಯಾರದೋ ಗೃಹಪ್ರವೇಶ. ಇಲ್ಲಿ ಹೂ ಬಿಟ್ಟು, ದೋಣಿ ಓಡಾಡಿ, ಮ್ಯೂಸಿಯಂ ತೆರೆದು, ಐಸ್‌ಕ್ರೀಮ್ ಮಾರಿ, ಎಲ್ಲ ಮುಗಿದ ಮೇಲೆ ಆಗಸ್ಟಿನಲ್ಲಿ ಉಪ್ಪಿನಕಾಯಿ ಜಾಡಿಗಳ ಸಮೇತ ನಾವು ವಾಪಸ್ಸು. ಪಕ್ಕದ ಮನೆಯವರು, "ಬೇಸಿಗೆಯಲ್ಲಿ ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳುತ್ತಾರೆ. "ಮಳೆಗಾಲಕ್ಕೆ" ಎನ್ನಬೇಕು, ಅಷ್ಟೆ.

ನಮ್ಮ ಮನೆಯವರು (ಇನ್ನು ಮುಂದೆ 'ಇವರು' ಎನ್ನುತ್ತೇನೆ, ಹಾಗೇ ಅಭ್ಯಾಸ) ನಿವೃತ್ತಿಯಾಗುವ ತನಕ ಇಲ್ಲಿಯ ಕೊಮ್ಯೂನ್‌ನಲ್ಲಿ, ಅಂದರೆ ಊರಿನ ಆಡಳಿತ ಕಚೇರಿಯಲ್ಲಿ, ಸೇತುವೆಗಳ ಎಂಜಿನಿಯರಾಗಿದ್ದರು. ಕಾಂಕ್ರೀಟು, ಕಬ್ಬಿಣ, ಎಲ್ಲ ನೋಡಿದವರು. ನೋಡದೆ ಉಳಿದದ್ದು ಒಂದೇ. ನಮ್ಮ ಊರಿನಿಂದ ಉತ್ತರಕ್ಕೆ ತೀದಾನ್ ಎಂಬ ನದಿಗೆ ಹಿಂದಿನವರು ಕಟ್ಟಿದ ಮರದ ಸೇತುವೆಯಿದೆ. ಅದಕ್ಕೆ ಮನೆಯ ಹಾಗೆ ಗೋಡೆ, ಮೇಲೆ ಸೂರು. ಅಂಥ ಹಳೆಯದು ಇಡೀ ದೇಶದಲ್ಲಿ ಉಳಿದಿರುವುದು ಅದೊಂದೇ ಎಂದು ಇವರು ಹೇಳುತ್ತಿದ್ದರು. ಪ್ರತಿ ವರ್ಷವೂ, "ಮುಂದಿನ ಬೇಸಿಗೆಗೆ ಹೋಗೋಣ ಕಣೇ" ಎನ್ನುವರು. ಮುಂದಿನ ಬೇಸಿಗೆಗೆ ಇವರ ಚಿಕ್ಕಪ್ಪನ ಮೊಮ್ಮಗನ ಉಪನಯನ ಬರುತ್ತಿತ್ತು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಇವರ ಕಣ್ಣೊಳಗೆ ಮಸಿ ಕಾಣಿಸಿಕೊಂಡಿತು. ಪೇಪರಿನ ತಲೆಬರಹದಲ್ಲಿ ನಡುವಿನ ಪದ ಮಾಯ. ಬಗ್ಗಿಸಿದ ಕಾಫಿ ಲೋಟದ ಪಕ್ಕಕ್ಕೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಕಣ್ಣಿನ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಮೆತ್ತಗೆ ಮಾತಾಡುವವರು. ಇಂಜೆಕ್ಷನ್ ಕೊಡುತ್ತೇವೆ, ನಿಧಾನ ಮಾಡಬಹುದು, ನಿಲ್ಲಿಸಲಾಗುವುದಿಲ್ಲ ಎಂದರು. "ಮುಂದಿನ ಬೇಸಿಗೆ ಹೊತ್ತಿಗೆ ಎಷ್ಟು ಕಾಣುತ್ತದೋ ನಾನು ಮಾತು ಕೊಡಲಾರೆ. ನೋಡಬೇಕು ಅಂತ ಏನಾದರೂ ಆಸೆ ಇದ್ದರೆ ಮುಂದಕ್ಕೆ ಹಾಕಬೇಡಿ" ಎಂದರು.

ಇವರು ಎಂಜಿನಿಯರಿಗೆ ತಕ್ಕ ಹಾಗೆ ಕೂಡಲೇ ಉತ್ತರ ಕೊಟ್ಟರು. "ಒಂದು ಸೇತುವೆ ನೋಡಬೇಕು. ಅದಕ್ಕೆ ಗೋಡೆ ಇದೆ, ಸೂರಿದೆ, ಬಾಗಿಲು ಇದೆ."

"ಸೇತುವೆಗೆ ಬಾಗಿಲು" ಎಂದರು ಡಾಕ್ಟರು.

"ಹೌದು. ಒಳಗೆ ಹೋದರೆ ಮನೆಯೊಳಗೆ ಇದ್ದ ಹಾಗೇ ಇರುತ್ತದೆ. ಕೆಳಗೆ ನದಿ."

ಡಾಕ್ಟರು ತಲೆಯಾಡಿಸಿ ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡಿದರು. ಮುಂದಿನ ವಾರ ಆಸ್ಪತ್ರೆಯಿಂದ ಪತ್ರ ಬಂತು, ಇವರು ಬಂದು ಜ್ಞಾಪಕಶಕ್ತಿಯ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು.

೨. ರಾಹುವಿನ ಪಾಲು

ಶನಿವಾರ ಹೋಗುವುದೆಂದು ನಿಶ್ಚಯವಾಯಿತು. ಕಾರು ಓಡಿಸಲು ನಮ್ಮ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಇದೇ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾಳೆ. ನಾಲ್ಕನೆಯವರು ಅಕ್ಕ. ಅಂದರೆ ಇವರ ಸ್ವಂತ ಅಕ್ಕ. ನಾನೂ ಹಾಗೇ ಕರೆಯುವುದು. ಹೆಡ್‌ಮಿಸ್ ಆಗಿ ನಿವೃತ್ತರಾದವರು, ತಮ್ಮನ ಕಣ್ಣಿನ ಸುದ್ದಿ ಕೇಳಿ ಮೈಸೂರಿನಿಂದ ಓಡಿ ಬಂದಿದ್ದರು.

ನವೆಂಬರಿನಲ್ಲಿ ಇಲ್ಲಿ ಹಗಲು ಎನ್ನುವುದು ಹೆಸರಿಗೆ. ಮಧ್ಯಾಹ್ನದ ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಕತ್ತಲೆ. ಅದಕ್ಕೇ ಮಗಳು, "ಅಪ್ಪನಿಗೆ ಬೆಳಕಲ್ಲೇ ಕಾಣೋದು ಕಷ್ಟ. ಸೂರ್ಯ ಹುಟ್ಟಿದ ತಕ್ಷಣ ಹೊರಡಬೇಕು. ಪ್ಲೀಸ್" ಎಂದು ಎಲ್ಲರಿಗೂ ಹೇಳಿದ್ದಳು.

ಅಕ್ಕ ಕ್ಯಾಲೆಂಡರ್ ಜೊತೆಗೇ ತಂದಿದ್ದರು. "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಕಣ್ಣಿನ ವಿಷಯಕ್ಕೆ ಹೋಗ್ತಿರೋದು, ಒಂಬತ್ತರ ಒಳಗೆ ಹೊಸಲು ದಾಟಿಬಿಡೋಣ" ಎಂದರು. ಯಾರೂ ಬೇಡವೆನ್ನಲಿಲ್ಲ. ಅಕ್ಕನ ಸ್ನಾನವಾಯಿತು, ಪೂಜೆಯಾಯಿತು, ಪುಳಿಯೋಗರೆ ಕಲಸಿದ್ದಾಯಿತು. ಎರಡು ಸ್ವೆಟರು, ಒಂದು ಕೋಟು, ಶಾಲು. ಬೂಟಿನ ಲೇಸು ಕಟ್ಟುತ್ತಿರುವಾಗ ಗಡಿಯಾರ ಒಂಬತ್ತು ಹೊಡೆಯಿತು. ಅಕ್ಕ ಲೇಸು ಬಿಚ್ಚಿ, ಬೂಟು ತೆಗೆದು, ಸೋಫಾದ ಮೇಲೆ ಕೂತರು.

"ಅತ್ತೆ, ಅದು ಇಂಡಿಯಾ ಟೈಮು" ಎಂದಳು ಮಗಳು. "ಅಲ್ಲಿಯ ಒಂಬತ್ತು ಗಂಟೆ ನಾವು ಮಲಗಿದ್ದಾಗಲೇ ಮುಗೀತು."

"ನಾವಿರೋದು ಇಲ್ಲಿ. ರಾಹು ಮೈಸೂರಲ್ಲಿ ಕೂತಿರ್ತಾನಾ?"

ಇಲ್ಲಿಗೆ ಬಿಟ್ಟಿದ್ದರೆ ಹತ್ತೂವರೆಗೆ ಹೊರಡಬಹುದಿತ್ತು. ಆದರೆ ಇವರಿಗೆ ಲೆಕ್ಕ ತಪ್ಪಿದರೆ ಮೈ ಉರಿಯುತ್ತದೆ. "ಅಕ್ಕ, ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ತಪ್ಪು ಲೆಕ್ಕ ಹೇಳಬೇಡ. ರಾಹುಕಾಲ ಅಂದ್ರೆ ಗಡಿಯಾರದ ಮುಳ್ಳಲ್ಲ. ಸೂರ್ಯ ಹುಟ್ಟಿ ಮುಳುಗೋ ತನಕ ಎಂಟು ಭಾಗ ಮಾಡಬೇಕು. ಶನಿವಾರ ಮೂರನೇ ಭಾಗ." ಎಂದವರೇ ಬಾಯಲ್ಲೇ ಗುಣಿಸಿ ಭಾಗಿಸಿ, ಈ ಊರಿನ ನಿಜವಾದ ರಾಹುಕಾಲ ಹತ್ತು ಗಂಟೆಯ ಮೇಲೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತದೆಂದು ಕಂಡುಹಿಡಿದರು. ಮುಖದಲ್ಲಿ ಬಹಳ ದಿನದ ಮೇಲೆ ಗೆಲುವು.

ಅಕ್ಕನಿಗೆ ತಮ್ಮನ ಮೇಲೆ ಅಭಿಮಾನ ಉಕ್ಕಿತು. "ನೋಡು, ಓದಿದವನು ಅಂದ್ರೆ ಹೀಗಿರಬೇಕು. ಎರಡನ್ನೂ ಬಿಟ್ಟೇ ಹೊರಡೋಣ" ಎಂದರು.

ಮಗಳು ತಲೆ ಮೇಲೆ ಕೈ ಹೊತ್ತಳು. "ಅತ್ತೆ, ಇಲ್ಲಿ ಹಗಲು ಅಂತ ಇರೋದೇ ಇಷ್ಟು. ಅದರಲ್ಲೂ ರಾಹುಗೆ ಒಂದು ಪಾಲು ಕೊಟ್ರೆ ನಮಗೇನು ಉಳಿಯುತ್ತೆ?"

"ಅವನಿಗೂ ಪಾಪ, ಈ ಊರಲ್ಲಿ ಎಷ್ಟು ತಾನೇ ಸಿಗುತ್ತೆ" ಎಂದರು ಅಕ್ಕ.

೩. ಬೀಗದ ಕೈ

ಹನ್ನೊಂದು ದಾಟಿದ ಮೇಲೆ, ಕೈಗೆ ಸಿಕ್ಕ ಕೋಟು ಟೋಪಿ ಹಾಕಿಕೊಂಡು ಹೊರಟೆವು. ಪುಳಿಯೋಗರೆಯ ಡಬ್ಬಿ ಅಡುಗೆಮನೆಯಲ್ಲೇ ಉಳಿಯಿತು. ವೆಟ್ಟೆರ್ನ್ ಸರೋವರದ ದಡದ ರಸ್ತೆ. ಬೇಸಿಗೆಯಲ್ಲಿ ಅದರಷ್ಟು ಚೆಂದದ ದಾರಿ ಇಲ್ಲವಂತೆ. ನಾವು ಹೋದಾಗ ನೀರೂ ಬೂದಿ, ಆಕಾಶವೂ ಬೂದಿ, ನಡುವೆ ಗೆರೆ ಎಲ್ಲಿದೆಯೆಂದು ಕಣ್ಣಿದ್ದವರಿಗೂ ಕಾಣುತ್ತಿರಲಿಲ್ಲ. ಇವರು ಮುಂದಿನ ಸೀಟಿನಲ್ಲಿ ಕೂತು ಆಗಾಗ, "ಬೆಳಕು ಹೇಗಿದೆ?" ಎಂದು ಕೇಳುವರು. "ಚೆನ್ನಾಗಿದೆ ಅಪ್ಪ" ಎಂದು ಮಗಳು ಇನ್ನಷ್ಟು ವೇಗವಾಗಿ ಓಡಿಸುವಳು.

ಒಂದು ಹಳ್ಳಿ ಬರುವ ಹೊತ್ತಿಗೆ ಅಕ್ಕ, "ಎಲ್ಲಾದರೂ ನಿಲ್ಲಿಸಮ್ಮ" ಎಂದರು. ಎರಡು ಸ್ವೆಟರಿನ ಚಳಿ, ಮೇಲೆ ಕಾಫಿ. ತಡೆಯುವ ವಿಷಯವಲ್ಲ.

ಕೆಫೆಗೆ ಬೀಗ. ಪ್ರವಾಸಿ ಕೇಂದ್ರಕ್ಕೆ ಬೀಗ. ಬಸ್‌ಸ್ಟಾಪಿನ ಹಿಂದಿನ ಶೌಚಾಲಯಕ್ಕೆ ದೊಡ್ಡ ಬೀಗ. ಎಲ್ಲದರ ಮೇಲೂ ಒಂದೇ ಚೀಟಿ, ಈ ವರ್ಷದ ಸೀಸನ್ ಮುಗಿಯಿತು, ಜೂನ್‌ನಲ್ಲಿ ಬನ್ನಿ ಎಂದು. ಮಗಳು ಓದಿ ಹೇಳಿದಳು.

"ಜೂನ್ ತನಕ ಕಾಯೋಕಾಗುತ್ತೇನಮ್ಮ?" ಎಂದರು ಅಕ್ಕ. "ಇಷ್ಟು ಬೀಗ ಹಾಕಿ ಹೋಗಿದ್ದಾರೆ ಅಂದ್ರೆ ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿರ್ತಾರೆ."

"ಅತ್ತೆ, ಇಲ್ಲಿ ಹಾಗೆಲ್ಲ ಕೊಡಲ್ಲ. ಹಾಗೆಲ್ಲ ಹೋಗಿ ಬಾಗಿಲು ತಟ್ಟೋ ಹಾಗೂ ಇಲ್ಲ" ಎಂದು ಮಗಳು ಹೇಳುತ್ತಿರುವಾಗಲೇ ಅಕ್ಕ ಎದುರು ಮನೆಯ ಮೆಟ್ಟಿಲೇರಿ ಬಾಗಿಲು ತಟ್ಟಿಯಾಗಿತ್ತು. ಒಬ್ಬ ಮುದುಕರು ತೆರೆದರು. ಅಕ್ಕ ಶೌಚಾಲಯದ ಕಡೆ ಕೈ ತೋರಿಸಿ, ಗಾಳಿಯಲ್ಲಿ ಬೀಗ ತೆಗೆಯುವ ಅಭಿನಯ ಮಾಡಿದರು. ಮುದುಕರು ಒಳಗೆ ಹೋಗಿ ಒಂದು ದೊಡ್ಡ ಗೊಂಚಲು ಹಿಡಿದು ಬಂದರು. ಇಡೀ ಹಳ್ಳಿಯ ಬೀಗದ ಕೈ ಅವರ ಹತ್ತಿರವೇ ಇತ್ತು. ಅಕ್ಕ ನಮ್ಮ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಮುದುಕರು ಊರಿನ ಪುಟ್ಟ ಮ್ಯೂಸಿಯಮ್ಮನ್ನು ನೋಡಿಕೊಳ್ಳುವವರು. ಸೀಸನ್ ಮುಗಿದ ಮೇಲೆ ಅವರ ಹತ್ತಿರ ಯಾರೂ ಬಂದಿರಲಿಲ್ಲ, ಮಾತಾಡಿರಲಿಲ್ಲ. ಈಗ ಇಂಡಿಯಾದಿಂದ ಒಂದು ಸಂಸಾರ ಬಂದು ಬಾಗಿಲು ತಟ್ಟಿದೆ. "ದಯವಿಟ್ಟು, ಐದೇ ನಿಮಿಷ" ಎಂದು ಮ್ಯೂಸಿಯಮ್ಮಿನ ಬಾಗಿಲೂ ತೆರೆದರು. ಒಳಗೆ ಹಾಲಿನಿಂದ ಕೆನೆ ತೆಗೆಯುವ ಯಂತ್ರಗಳು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಅವೇ. ಒಂದೊಂದರ ಹಿಡಿಯನ್ನೂ ತಿರುಗಿಸಿ ತೋರಿಸಿದರು. ಅಕ್ಕನ ಕೈಯಲ್ಲೂ ತಿರುಗಿಸಿದರು. ಇವರು ಕಿಟಕಿಯ ಹತ್ತಿರ ನಿಂತು ಹೊರಗಿನ ಬೆಳಕಿನ ಕಡೆಗೇ ಮುಖ ಮಾಡಿಕೊಂಡಿದ್ದರು. ಬೈದಿದ್ದರೆ ನನಗೆ ಕಷ್ಟ ಕಡಿಮೆಯಿತ್ತು. ಮುದುಕರಿಗೆ ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಬಾಯಿ ಇದ್ದ ಮಗಳಿಗೆ ಇಲ್ಲಿಯ ಮರ್ಯಾದೆ ಅಡ್ಡ ಬಂತು.

ಕೊನೆಗೆ ಸಂದರ್ಶಕರ ಪುಸ್ತಕ ತೆರೆದಿಟ್ಟು, "ನಿಮ್ಮ ಭಾಷೆಯಲ್ಲೇ ಬರೆಯಿರಿ" ಎಂದರು. ಅಕ್ಕ ಹೆಡ್‌ಮಿಸ್ಸಿನ ದುಂಡು ಅಕ್ಷರದಲ್ಲಿ ಬರೆದು ಸಹಿ ಹಾಕಿದರು: 'ಕಕ್ಕಸು ಬಹಳ ಚೊಕ್ಕಟವಾಗಿದೆ. ಬಿಸಿನೀರು ಬರುತ್ತದೆ.'

ಮುದುಕರು ಆ ಸಾಲುಗಳ ಮೇಲೆ ಬೆರಳಾಡಿಸಿ, ಇಷ್ಟು ಸುಂದರ ಲಿಪಿ ತಾವು ಕಂಡೇ ಇಲ್ಲ, ಈ ಹಾಳೆಗೆ ಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕುತ್ತೇನೆ ಎಂದರು.

೪. ಕೆಂಪು ಕಟ್ಟಡ

ದಾರಿ ತೋರಿಸುತ್ತಿದ್ದುದು ಮಗಳ ಫೋನು. ಅಕ್ಕ ಅದರಲ್ಲೇ ಮೈಸೂರಿನ ಗೆಳತಿಯರಿಗೆಲ್ಲ ವಿಡಿಯೋ ಕಾಲ್ ಮಾಡಿ, "ಇದು ಮರ, ಎಲೆ ಇಲ್ಲ. ಇದೂ ಮರ, ಎಲೆ ಇಲ್ಲ" ಎಂದು ದೇಶ ತೋರಿಸುತ್ತಾ ಬಂದಿದ್ದರು. ಮ್ಯೂಸಿಯಮ್ಮಿನಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಫೋನು ಸತ್ತಿತು. ನನ್ನದು ಬಟನ್ ಫೋನು. ಇವರು ಕಣ್ಣು ಹೀಗಾದ ಮೇಲೆ ಫೋನು ಮುಟ್ಟುವುದನ್ನೇ ಬಿಟ್ಟಿದ್ದರು. ದಾರಿಯಲ್ಲಿ ಕೇಳೋಣವೆಂದರೆ ನರಪಿಳ್ಳೆಯಿಲ್ಲ.

"ನನಗೆ ಗೊತ್ತು, ಹೇಳ್ತೀನಿ" ಎಂದರು ಇವರು. "ಫೋಟೋ ಎಷ್ಟು ಸಲ ನೋಡಿದ್ದೀನಿ. ಕೆಂಪು ಬಣ್ಣ, ಮರದ್ದು, ಸೂರಿದೆ. ಅಂಥದ್ದು ಕಂಡ್ರೆ ನಿಲ್ಲಿಸು."

"ಅಪ್ಪ, ಈ ದೇಶದಲ್ಲಿ ಎಲ್ಲ ಮನೆನೂ ಕೆಂಪು, ಎಲ್ಲ ಮನೆನೂ ಮರದ್ದು, ಎಲ್ಲದಕ್ಕೂ ಸೂರಿದೆ" ಎಂದಳು ಮಗಳು. ಅವಳ ದನಿ ಸ್ವಲ್ಪ ಒಡೆದಿತ್ತು.

ಸೂರ್ಯ ಎಲ್ಲಿದ್ದನೋ ಬೆಳಿಗ್ಗೆಯಿಂದಲೂ ಗೊತ್ತಾಗಿರಲಿಲ್ಲ. ಈಗ ಮುಳುಗಿದ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಯಿತು. ಹೊಲದ ಅಂಚು ಹೋಯಿತು, ಬೇಲಿ ಹೋಯಿತು. "ಬೆಳಕು ಹೇಗಿದೆ?" ಎಂದು ಇವರು ಕೇಳಿದರು. ಮಗಳು ಕಾರಿನ ದೊಡ್ಡ ದೀಪ ಹಾಕಿದಳು. "ಇದೆ" ಎಂದೆ ನಾನು. ಇವರು ಆಮೇಲೆ ಕೇಳಲಿಲ್ಲ.

ಆಗ ಕಾರಿನ ದೀಪದಲ್ಲಿ ಅದು ಎದ್ದು ನಿಂತಿತು. ಕೆಂಪು ಬಣ್ಣ, ಮರದ್ದು, ಉದ್ದನೆಯ ಸೂರು. ಕಲ್ಲುಮಣ್ಣಿನ ಏರು ಹತ್ತಿ ಹೋದರೆ ಲಾರಿ ನುಗ್ಗುವಷ್ಟು ದೊಡ್ಡ ಬಾಗಿಲು, ತೆರೆದೇ ಇತ್ತು. ಆಚೆ ತುದಿಯಲ್ಲೂ ಅಂಥದೇ ಬಾಗಿಲು. ಮಗಳು ಕಾರಿನ ಮುಂದೀಪವನ್ನು ನೇರವಾಗಿ ಒಳಗೆ ಬಿಟ್ಟಳು. ಇವರು ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದಿದ್ದರು.

ನಾನು ತೋಳು ಹಿಡಿದುಕೊಂಡೆ. ಇವರು ಹಲಗೆಯ ಮೇಲೆ ಕಾಲು ಬಡಿದರು. ದಬ್ ಎಂದಿತು. "ಕೇಳಿಸ್ತಾ? ಕೆಳಗೆ ಟೊಳ್ಳು" ಎಂದರು. ತೊಲೆಯನ್ನು ತಬ್ಬಿಕೊಂಡರು. ಕಾರಿನ ದೀಪ ಸೂರಿನ ತನಕ ಏರುತ್ತಿರಲಿಲ್ಲ, ಅದಕ್ಕೇ ಕೈಯಲ್ಲೇ ಓದಿದರು. "ಮೊಳೆ ಇಲ್ಲ ಕಣೇ, ಮರದ ಬೆಣೆ. ನೋಡಮ್ಮ ಮಗಳೇ, ಈ ಓರೆ ತೊಲೆ ಇದೆಯಲ್ಲ, ಇದು ನಡುವಿನ ಭಾರನ ಎತ್ತಿ ದಡಕ್ಕೆ ಒಯ್ಯುತ್ತೆ. ಸೂರು ಯಾಕೆ ಹೇಳು? ನಮಗಲ್ಲ, ಈ ತೊಲೆಗೆ. ನೆನೀಬಾರದು ಅಂತ." ಮಗಳು ಪಕ್ಕದಲ್ಲಿ ನಿಂತು, ಚಿಕ್ಕವಳಿದ್ದಾಗ ಲೆಕ್ಕ ಹೇಳಿಸಿಕೊಳ್ಳುತ್ತಿದ್ದ ಹಾಗೆ ಹೂಂಗುಟ್ಟಿದಳು.

ಸಸ್ಯಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು ನಾನು. ಒಳಗೆ ಕಾಲಿಟ್ಟಾಗಲೇ ಒಣಹುಲ್ಲಿನ ವಾಸನೆ ಬಂದಿತ್ತು, ಯಾವ ಹುಲ್ಲು ಎಂದೂ ಹೇಳಬಲ್ಲೆ. ನದಿಯ ಮೇಲೆ ಇಷ್ಟು ಹುಲ್ಲು ಯಾರು ಇಡುತ್ತಾರೆ ಎಂದು ಯೋಚನೆ ಬಂತು. ಇವರ ಮುಖ ನೋಡಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಅಷ್ಟರಲ್ಲಿ ಕೆಳಗಿನಿಂದ ನೀರಿನ ಸದ್ದು ಕೇಳಿತು. ಧಾರಾಕಾರ.

"ನದಿ" ಎಂದರು ಇವರು, ಮೆಲ್ಲಗೆ.

ಎಲ್ಲರೂ ಕಿವಿಗೊಟ್ಟು ನಿಂತೆವು. ಸದ್ದು ಸಣ್ಣದಾಗುತ್ತಾ ಬಂದು, ತೊಟ್ಟಿಕ್ಕಿ, ನಿಂತಿತು.

"ನದಿ ಯಾಕೋ ನಿಂತುಹೋಯ್ತಲ್ಲೋ" ಎಂದರು ಅಕ್ಕ.

"ಚಳಿಗಾಲದಲ್ಲಿ ಹರಿವು ಕಮ್ಮಿ ಅಕ್ಕ."

ಆಗ ನದಿ ಅಂಬಾ ಎಂದಿತು.

೫. ಅದಕ್ಕೂ ಮೊದಲು

ಬ್ಯಾಟರಿ ಹಿಡಿದು ಒಬ್ಬ ಹೆಂಗಸು ಬಂದಳು. ಮೊಣಕಾಲುದ್ದದ ರಬ್ಬರ್ ಬೂಟು, ನಗದ ಮುಖ. ತನ್ನ ಹುಲ್ಲಿನ ಅಟ್ಟದಲ್ಲಿ, ಸೀರೆಯ ಮೇಲೆ ಕೋಟು ಹಾಕಿದ ಇಬ್ಬರು ಹೆಂಗಸರು, ತೊಲೆ ತಬ್ಬಿಕೊಂಡ ಒಬ್ಬ ಗಂಡಸು, ಅಳುಮುಖದ ಒಬ್ಬ ಹುಡುಗಿಯನ್ನು ಕಂಡರೆ ನಮ್ಮೂರಿನಲ್ಲಿ ಎಷ್ಟು ಜನ ಸೇರುತ್ತಿದ್ದರೋ. ಆಕೆ, "ಹೇ" ಎಂದಳು. ಇಲ್ಲಿ ನಮಸ್ಕಾರಕ್ಕೆ ಹಾಗೆನ್ನುತ್ತಾರೆ.

ಇವರು ಒಳ್ಳೆಯ ಸ್ವೀಡಿಷ್‌ನಲ್ಲಿ, "ಸೇತುವೆಯನ್ನು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದರು.

ಆಕೆ ಬ್ಯಾಟರಿಯ ಬೆಳಕನ್ನು ಹುಲ್ಲಿನ ರಾಶಿಯ ಮೇಲೆ ಬಿಟ್ಟು, "ಇದು ಹುಲ್ಲಿನ ಅಟ್ಟ. ಕೆಳಗೆ ಕೊಟ್ಟಿಗೆ" ಎಂದಳು.

ನಾನು ಇವರ ತೋಳನ್ನು ಬಿಗಿಯಾಗಿ ಹಿಡಿದೆ. ಆದರೆ ಇವರು ಒಪ್ಪುವವರಲ್ಲ. ಸರ್ವೀಸಿನಲ್ಲಿ ಎಂಥೆಂಥ ಗುತ್ತಿಗೆದಾರರನ್ನು ನೋಡಿದವರು.

"ಈಗ ಅಟ್ಟ ಮಾಡಿಕೊಂಡಿರಬಹುದು. ಮೊದಲು ಏನಾಗಿತ್ತು?"

"ಮೊದಲೂ ಅಟ್ಟವೇ. ನನ್ನ ಅಪ್ಪನ ಕಾಲದಲ್ಲೂ."

"ನಿಮ್ಮ ಅಪ್ಪ ಕಟ್ಟಿದ್ದೇ?"

"ಇಲ್ಲ, ಅವರ ತಾತ. ಅಟ್ಟ ಅಂತಲೇ ಕಟ್ಟಿದ್ದು."

"ಅದಕ್ಕೂ ಮೊದಲು?"

ಆಕೆ ಯೋಚಿಸಿದಳು. "ಅದಕ್ಕೂ ಮೊದಲು ಕಾಡು" ಎಂದಳು.

೬. ಅಲ್ಲಾಡಬೇಡ

ಮಗಳು ಆಕೆಯನ್ನು ಪಕ್ಕಕ್ಕೆ ಕರೆದು ಸ್ವೀಡಿಷ್‌ನಲ್ಲಿ ಎಲ್ಲ ಹೇಳಿದಳು. ಕಣ್ಣು, ಡಾಕ್ಟರು, ಬೇಸಿಗೆಯ ತನಕ ಕಾಯಲಾಗದ್ದು. ಆಕೆ, "ಯಾಹಾ" ಎಂದಳು, ನಮ್ಮ 'ಹೌದಾ' ಇದ್ದ ಹಾಗೆ. ಅಯ್ಯೋ ಎನ್ನಲಿಲ್ಲ, ಪಾಪ ಎನ್ನಲಿಲ್ಲ. ಆ ಸೇತುವೆ ಇಲ್ಲಿಂದ ಸ್ವಲ್ಪವೇ ದೂರ, ನೀವು ತಿರುವು ದಾಟಿ ಬಂದಿದ್ದೀರಿ ಎಂದು ಹೇಳಿ, ಕೊಟ್ಟಿಗೆಯ ಹಿಂದೆ ಹೋದಳು. ಒಂದು ಟ್ರ್ಯಾಕ್ಟರ್ ಗುಡುಗಿತು. ನಮ್ಮ ಮುಂದೆ ಬಂದು, ಹಿಂದೆ ಬನ್ನಿ ಎಂದು ಕೈ ಮಾಡಿದಳು.

ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ, "ನಂದೇ ತಪ್ಪು ಕಣೋ, ಆ ರಾಹು" ಎಂದು ಶುರುಮಾಡಿದರು. "ಬಿಡಕ್ಕ, ಲೆಕ್ಕ ಮಾಡಿದ್ದು ನಾನು" ಎಂದರು ಇವರು. ಇನ್ನು ಕತ್ತಲಲ್ಲಿ ಸೇತುವೆ ಸಿಕ್ಕಿಯೂ ಏನು ಮಾಡುವುದೆಂದು ನನಗೆ ತೋಚಲಿಲ್ಲ. ಕೈಯಲ್ಲಿ ಮುಟ್ಟಿ ನೋಡುವ ಆಟ ಕೊಟ್ಟಿಗೆಯಲ್ಲೇ ಆಗಿಹೋಗಿತ್ತು. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿರಲಿಲ್ಲ.

ನದಿಯ ದಡ ಬಂತು. ನಿಜವಾದ ನದಿ, ಸದ್ದು ನಿಲ್ಲಲಿಲ್ಲ. ಆಕೆ ಟ್ರ್ಯಾಕ್ಟರನ್ನು ದಡದ ಹುಲ್ಲಿಗಿಳಿಸಿ, ಸೇತುವೆಯ ಕಡೆ ಮುಖ ಮಾಡಿ ನಿಲ್ಲಿಸಿ, ಒಂದೊಂದಾಗಿ ದೀಪ ಹಾಕಿದಳು. ಚಳಿಗಾಲದ ಬೆಳಗ್ಗೆ ಕತ್ತಲಲ್ಲಿ ಹೊಲದ ಕೆಲಸ ಮಾಡಲಿಕ್ಕೆ ಟ್ರ್ಯಾಕ್ಟರಿನ ತಲೆಯ ಮೇಲೂ ದೀಪಗಳಿರುತ್ತವೆ. ಎಲ್ಲ ಹತ್ತಿದಾಗ ಆ ಸೇತುವೆ ಮದುವೆ ಮನೆಯ ಹಾಗೆ ಬೆಳಗಿತು. ಹಗಲಿನಲ್ಲಿ ಬಂದಿದ್ದರೂ ಅಂಥ ಬೆಳಕು ಸಿಗುತ್ತಿರಲಿಲ್ಲ. ದಡದಿಂದ ದಡಕ್ಕೆ ನೀರಿನ ಮೇಲೆ ಎದ್ದ ಮರದ ಮನೆ, ಕೆಂಪು ಗೋಡೆ, ಮೇಲೆ ಸೂರು. ಬಾಗಿಲೂ ಇತ್ತು. ಆ ಡಾಕ್ಟರನ್ನು ಕರೆದುಕೊಂಡು ಬರಬೇಕಿತ್ತು.

ಅಕ್ಕ ಮಗಳನ್ನು ಎಳೆದುಕೊಂಡು ಒಳಗೆ ಹೋದರು. ಆಕೆ ಟ್ರ್ಯಾಕ್ಟರಿನಲ್ಲೇ ಕೂತು ಎಂಜಿನ್ ಆರಿಸದೆ ಕಾದಳು. ಇವರು ದಡದಲ್ಲಿ ನಿಂತು ಸೇತುವೆಗೆ ಎದುರಾಗಿ ಒಮ್ಮೆ ಮುಖ ಎತ್ತಿದರು. ಆಮೇಲೆ ತಲೆ ತಗ್ಗಿಸಿದರು. ಹಾಗೆ ಎರಡು ಸಲ ಮಾಡಿದರು. ಕಾಣುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಕೇಳಲು ಧೈರ್ಯವಾಗಲಿಲ್ಲ.

ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನನ್ನ ಮುಖವನ್ನೇ ನೋಡುತ್ತಾ ನಿಂತರು. ಒಂದು ನಿಮಿಷವಲ್ಲ, ಎರಡು ನಿಮಿಷವಲ್ಲ. ಮದುವೆಯ ದಿನ ಅಂತರಪಟ ಸರಿಸಿದಾಗಲೂ ಇವರು ಹಾಗೆ ನೋಡಿದವರಲ್ಲ. ಪುರೋಹಿತರ ಹಿಂದಿದ್ದ ಚಪ್ಪರದ ಕಂಬ ನೋಡುತ್ತಿದ್ದರು. ಇಷ್ಟು ದೂರ ಬಂದು, ಇಷ್ಟು ಪಡಬಾರದ್ದು ಪಟ್ಟು, ಕೊನೆಗೆ ಸೇತುವೆ ಬೇಡವಾಗಿ ಹೆಂಡತಿಯ ಮುಖ ನೋಡಿಟ್ಟುಕೊಳ್ಳೋಣ ಅನ್ನಿಸಿತಲ್ಲ ಎಂದುಕೊಂಡೆ. ಶಾಲು ಸರಿಮಾಡಿಕೊಳ್ಳಲು ಕೈ ಎತ್ತಿದೆ.

"ಅಲ್ಲಾಡಬೇಡ" ಎಂದರು.

"ಯಾಕ್ರೀ?"

"ಸೇತುವೆ ಕಾಣ್ತಿದೆ. ಯಾವುದನ್ನ ನೇರ ನೋಡ್ತೀನೋ ಅದು ಮಸಿಯೊಳಗೆ ಹೋಗುತ್ತೆ. ಪಕ್ಕದ್ದು ಕಾಣುತ್ತೆ. ನಿನ್ನ ಮುಖ ನೋಡಿದ್ರೆ ಸೇತುವೆ ಪೂರ್ತಿ ಬರುತ್ತೆ. ಎಷ್ಟು ಚೆನ್ನಾಗಿದೆ ಗೊತ್ತಾ."

"ಮತ್ತೆ ನನ್ನ ಮುಖ?"

"ನಿನ್ನ ಮುಖ ಇಲ್ಲ. ಮಸಿಯೊಳಗಿದೆ" ಎಂದರು, ಬಹಳ ಸಂತೋಷದಿಂದ. "ಸ್ವಲ್ಪ ಎಡಕ್ಕೆ ಬಾ. ಹಾಂ, ಅಲ್ಲೇ. ಆ ಕಡೆ ತೊಲೆಗಳು ಇನ್ನೂ ಬಾಕಿ ಇವೆ."

ನಿಂತೆ. ಬೂಟಿನೊಳಗೆ ಕಾಲು ಮರಗಟ್ಟಿತು. ಇವರು ನನ್ನ ಮುಖ ನೋಡಿಕೊಂಡು ತೊಲೆ, ಓರೆ ತೊಲೆ, ಸೂರಿನ ಇಳಿಜಾರು, ಒಂದೊಂದನ್ನೂ ಹೆಸರು ಹೇಳಿ ನೋಡಿದರು. ಎಲ್ಲ ನೋಡಿಯಾದ ಮೇಲೆ ಟ್ರ್ಯಾಕ್ಟರಿನ ಕಡೆ ಕೂಗಿ, "ಜೋಡಣೆ ನಿಮ್ಮ ಕೊಟ್ಟಿಗೆಯದ್ದೇ ಗಟ್ಟಿ" ಎಂದರು. ಆ ದಿನ ಮೊದಲ ಸಲ ಆಕೆ ನಕ್ಕಳು.

"ಸಾಕು, ಹೋಗೋಣವಾ?" ಎಂದರು ನನಗೆ.

ನನಗೆ ಸಿಟ್ಟೋ ದುಃಖವೋ ತಿಳಿಯಲಿಲ್ಲ. "ಇಷ್ಟು ಹೊತ್ತು ನಿಂತಿದ್ದೀನಿ. ಈಗ ಸೇತುವೆ ಕಡೆ ತಿರುಗಿ" ಎಂದೆ.

"ಯಾಕೆ?"

"ಅದನ್ನ ನೇರ ನೋಡಿದ್ರೆ ನಾನು ಕಾಣ್ತೀನಲ್ಲ."

ಇವರು ತಿರುಗಿದರು. ಸೇತುವೆಗೆ ನೇರವಾಗಿ ಮುಖ ಕೊಟ್ಟು ನಿಂತು, ನನ್ನನ್ನು ನೋಡಿದರು. ನದಿಯ ಸದ್ದು, ಟ್ರ್ಯಾಕ್ಟರಿನ ಸದ್ದು. ಆಮೇಲೆ ಮೆಲ್ಲಗೆ, "ಕಾಣ್ತಿದ್ದೀಯ" ಎಂದರು.

ನಾನು ಶಾಲು ಸರಿಮಾಡಿಕೊಂಡೆ.

"ಟೋಪಿಯಿಂದ ಏನೋ ಬಿಳಿ ಚೀಟಿ ನೇತಾಡ್ತಿದೆ. ತಿರುಗುಮುರುಗು ಹಾಕ್ಕೊಂಡಿದ್ದೀಯ."

ಮುಟ್ಟಿ ನೋಡಿಕೊಂಡೆ. ನಿಜ. ಒಳಮೈ ಹೊರಗೆ, ಹಣೆಯ ಮೇಲೆ ಒಗೆಯುವ ವಿಧಾನದ ಚೀಟಿ. ಬೆಳಿಗ್ಗೆಯಿಂದ ಮಗಳು ನೋಡಿದ್ದಳು, ಅಕ್ಕ ನೋಡಿದ್ದರು, ಮ್ಯೂಸಿಯಮ್ಮಿನ ಮುದುಕರು, ಟ್ರ್ಯಾಕ್ಟರಿನ ಹೆಂಗಸು, ಎಲ್ಲರೂ ನೋಡಿದ್ದರು. ಕಂಡದ್ದು ಇವರೊಬ್ಬರಿಗೇ.